ಪಿಕಳಾರದ ಹಿಂಗತ್ತು, ಮೇಡಂ ಅವರ ಕಿರುಬೆರಳು

ಪಿಕಳಾರ ಕುಟುಂಬದ ಹಕ್ಕಿಗಳ ಲಕ್ಷಣಗಳನ್ನೂ ವರ್ಗೀಕರಣವನ್ನೂ ಕುರಿತು ಯಾರೇ ನಾಲ್ಕು ಸಾಲು ಬರೆಯಹೊರಟರೂ ನಮ್ಮ ಮೇಡಂ ಅವರ ಕೆಲಸವನ್ನು ಪ್ರಸ್ತಾಪಿಸದೆ ಮುಂದೆ ಹೋಗುವಂತಿಲ್ಲ. ನಮ್ಮ ಸಂಗ್ರಹಾಲಯದ ಪಕ್ಷಿ ವಿಭಾಗದ ಪಾಲಕರಾಗಿ ಜೀವಮಾನದ ಬಹುಭಾಗವನ್ನು ಕಳೆದು ಇದೀಗ ನಿವೃತ್ತರಾಗಿರುವ ಅವರ ಅಭಿನಂದನ ಸಂಪುಟಕ್ಕೆ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕರು ಕೇಳಿದಾಗ ನಾನು ಅಭಿಮಾನದಿಂದ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ, ಇದನ್ನು ಅವರು ಓದುತ್ತಾರಲ್ಲ ಎಂಬುದು ನೆನಪಾಯಿತು. ವಿಶೇಷಣಗಳನ್ನು ಕಂಡರೆ ಅವರಿಗೆ ಆಗುವುದಿಲ್ಲ. “ಹಕ್ಕಿ ತುಂಬಾ ಚೆನ್ನಾಗಿದೆ ಅಂತ ಬರೀಬೇಡ, ಎಷ್ಟು ಉದ್ದ ಇದೆ ಅಂತ ಬರಿ” ಎಂದು ನನ್ನ ಮೊತ್ತಮೊದಲ ವರದಿಯನ್ನು ಹಾಗೆಯೇ ಹಿಂದಿರುಗಿಸಿದವರು ಅವರು. ಆದ್ದರಿಂದ ಇಲ್ಲಿ ಸಾಧ್ಯವಾದ ಮಟ್ಟಿಗೆ ಅಳತೆ ಮಾಡಿಯೇ ಹೊಗಳುತ್ತೇನೆ.

ಮೇಡಂ ಅವರನ್ನು ನಮ್ಮ ಕಟ್ಟಡದಲ್ಲಿ ನೋಡಿದವರೆಲ್ಲರೂ ಮೊದಲು ಗಮನಿಸುತ್ತಿದ್ದುದು ಅವರ ನಡಿಗೆಯನ್ನು. ಹಕ್ಕಿಗಳನ್ನಿಟ್ಟ ಬೀರುಗಳ ಕೋಣೆಯ ಬಾಗಿಲು ದಾಟಿದೊಡನೆ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಕವಾಯತು ನೋಡಲು ಬಂದ ಅಧಿಕಾರಿಯಂತೆ ಸಾಲುಸಾಲಿನ ನಡುವೆ ಹಾಗೆಯೇ ನಡೆದು, ಹಾಗೆಯೇ ಬಗ್ಗಿ, ಡ್ರಾಯರನ್ನು ಎಳೆಯುವುದಕ್ಕೂ ಪಕ್ಕದವರಿಗೆ ಹೇಳುತ್ತಿದ್ದರು. ಹೊಸಬರು ಇದನ್ನು ಠೀವಿಯೆಂದು ತಿಳಿದರು, ಕೆಲವರು ಜಂಭವೆಂದರು, ಒಬ್ಬರು ಪುಣ್ಯಾತ್ಮರಂತೂ ಸೊಂಟನೋವಿಗೆ ಒಳ್ಳೆಯ ವೈದ್ಯರ ವಿಳಾಸವನ್ನೇ ಬರೆದುಕೊಟ್ಟು ಹೋದರು. ಮೇಡಂ ಆ ಚೀಟಿಯನ್ನು ವಂದನೆಗಳೊಂದಿಗೆ ಪಡೆದುಕೊಂಡರು. ಆ ಕೈಗಳು ಹಿಂದಕ್ಕೆ ಹೋದ ಕಥೆ ಗೊತ್ತಿರುವವರು ನಾವು ಕೆಲವರೇ ಉಳಿದಿದ್ದೇವೆ, ಅದನ್ನು ಹೇಳಲೆಂದೇ ಈ ಲೇಖನ.

ಹಕ್ಕಿಗಳ ಗೊಡವೆಯಿಲ್ಲದ ಓದುಗರ ಸಲುವಾಗಿ ಕುಟುಂಬದ ಪರಿಚಯವನ್ನು ಮೊದಲು ಮುಗಿಸುತ್ತೇನೆ. ಪಿಕಳಾರಗಳು ಬಿಸಿಲುನಾಡುಗಳ ಹಾಡುಹಕ್ಕಿಗಳು. ನೂರಕ್ಕೂ ಮಿಕ್ಕಿದ ಪ್ರಭೇದಗಳಿರುವ ಈ ಕುಟುಂಬ ಎರಡು ಖಂಡಗಳಲ್ಲಿ ಹರಡಿಕೊಂಡಿದೆ. ಗಿಡ್ಡ ಕತ್ತು, ಗುಂಡನೆಯ ಪುಟ್ಟ ರೆಕ್ಕೆ, ದೇಹಕ್ಕೆ ಸ್ವಲ್ಪ ಹೆಚ್ಚೇ ಎನಿಸುವ ಉದ್ದ ಬಾಲ, ತುದಿಯಲ್ಲಿ ತುಸು ಬಾಗಿದ ಕೊಕ್ಕು. ಕೆಲವಕ್ಕೆ ತಲೆಯ ಮೇಲೆ ಜುಟ್ಟು, ಕೆಲವಕ್ಕೆ ಬಾಲದ ಬುಡದಲ್ಲಿ ಕೆಂಪು ಇಲ್ಲವೆ ಹಳದಿಯ ಕಲೆ. ಗಂಡುಹೆಣ್ಣುಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಹಣ್ಣು ಮುಖ್ಯ ಆಹಾರ, ಹುಳುವೂ ಆದೀತು. ತಿನ್ನುವಾಗಲೂ ಬಾಯಿ ಮುಚ್ಚುವ ಜಾಯಮಾನ ಅಲ್ಲ. ಇಷ್ಟು ಯಾರಿಗಾದರೂ ಕಾಣುತ್ತದೆ. ಕಾಣದ್ದು ಒಂದಿದೆ. ಹಿಂಗತ್ತಿನ ಗರಿಗಳ ನಡುವೆ, ಗರಿಯೆಂದು ಕರೆಯಲೂ ಆಗದಷ್ಟು ತೆಳುವಾದ ಕೆಲವು ಎಳೆಗೂದಲುಗಳು ಹೊರಚಾಚಿಕೊಂಡಿರುತ್ತವೆ. ಬೇರೆ ಹಕ್ಕಿಗಳಲ್ಲೂ ಇಂಥವು ಇಲ್ಲವೆಂದಲ್ಲ, ಆದರೆ ಈ ಕುಟುಂಬವನ್ನು ಗುರುತಿಸುವ ಹಳೆಯ ಲಕ್ಷಣಗಳಲ್ಲಿ ಇದೂ ಒಂದು. ಬೆಳಕಿಗೆ ಎದುರಾಗಿ, ಸರಿಯಾದ ಕೋನದಲ್ಲಿ ಹಿಡಿದರೆ ಮಾತ್ರ ಅವು ಕಾಣಿಸುತ್ತವೆ.

ಮೇಡಂ ಈ ವಿಭಾಗಕ್ಕೆ ಸೇರಿದ್ದು ಆಗಿನ ಪಾಲಕರಾಗಿದ್ದ ಮೇಷ್ಟ್ರ ಕೈಕೆಳಗೆ. ಇಡೀ ಕಟ್ಟಡ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿತ್ತು. ಮೊದಲ ದಿನವೇ ಅವರು ಹೊಸ ಹುಡುಗಿಯನ್ನು ಕಿಟಕಿಯ ಮೇಜಿನ ಬಳಿ ನಿಲ್ಲಿಸಿ, ಕಿರುಬೆರಳನ್ನು ನಾಲಗೆಗೆ ತಾಗಿಸಿ, ಹತ್ತಿ ತುಂಬಿ ಒಣಗಿಸಿದ ಪಿಕಳಾರವೊಂದರ ಹಿಂಗತ್ತನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಸವರಿದರಂತೆ. ಗರಿಗಳು ಎದ್ದು ನಿಂತವು, ನಡುವೆ ಎಳೆಗೂದಲು ಮಿಂಚಿತು. “ಇದೆ” ಎಂದರು ಮೇಷ್ಟ್ರು. ಅದೇ ಪಾಠ. ಅಂದಿನಿಂದ ಇದು ನಮ್ಮ ವಿಭಾಗದ ಒಂದು ಪದ್ಧತಿಯೇ ಆಯಿತು. ಹೊಸ ವಿದ್ಯಾರ್ಥಿ ಬಂದರೆ, ಹೊರಗಿನ ವಿದ್ವಾಂಸರು ಬಂದರೆ, ಕೊನೆಗೆ ಕಟ್ಟಡದ ತಪಾಸಣೆಗೆ ಎಂಜಿನಿಯರು ಬಂದರೂ, ‘ಕತ್ತು ತೋರಿಸುವುದು’ ನಡೆಯಲೇಬೇಕು. ಮೇಷ್ಟ್ರ ನಿವೃತ್ತಿಯ ಬಳಿಕ ಪಾಲಕರಾದ ಮೇಡಂ ಈ ಕೆಲಸವನ್ನು ಗುರುವಿಗಿಂತ ಒಂದು ಕೈ ಮೇಲೆಯೇ ಮಾಡುತ್ತಿದ್ದರು.

ಹೀಗೆ ತೋರಿಸಲು ಎಲ್ಲರೂ ಕೇಳುತ್ತಿದ್ದುದು ಒಂದೇ ಹಕ್ಕಿಯನ್ನು. ಕೆಳಗಿನ ಡ್ರಾಯರಿನಲ್ಲಿ, ಪಾಚಿಯ ಬಣ್ಣದ, ನೋಡಲು ಏನೇನೂ ವಿಶೇಷವಿಲ್ಲದ ಬೆರಳೆಣಿಕೆಯ ಹಕ್ಕಿಗಳು ಸಾಲಾಗಿ ಮಲಗಿದ್ದವು. ಅವು ಸಿಕ್ಕಿದ ಕಾಡಿನಲ್ಲಿ ಆಮೇಲೆ ಯಾರಿಗೂ ಸಿಕ್ಕಿರಲಿಲ್ಲ. ಕೊಕ್ಕು ನೋಡಿದರೆ ಒಂದು ಕುಟುಂಬ, ಕಾಲು ನೋಡಿದರೆ ಇನ್ನೊಂದು ಎಂಬಂತಿದ್ದ ಅದನ್ನು ಪಿಕಳಾರಗಳ ಜೊತೆ ಸೇರಿಸಿದವರು ಮೇಷ್ಟ್ರು. ಆಧಾರ, ಹಿಂಗತ್ತಿನ ಎಳೆಗೂದಲು. ವಿಭಾಗದಲ್ಲಿ ಅದರ ಅಡ್ಡಹೆಸರು ‘ನೆಂಟ’. ಅದು ಯಾರ ಕಡೆಯ ನೆಂಟ ಎಂಬ ಬಗ್ಗೆ ಹೊರಗೆ ಜಗಳವಿದ್ದರೂ ನಮ್ಮ ಕಟ್ಟಡದಲ್ಲಿ ಅನುಮಾನವಿರಲಿಲ್ಲ. ಮೇಷ್ಟ್ರ ಕಣ್ಣಿಗೆ ಕಂಡಿತ್ತು, ಅಷ್ಟೇ. ಕುಟುಂಬವನ್ನು ಗುರುತಿಸಲು ಮೇಡಂ ರಚಿಸಿದ ಲಕ್ಷಣಸೂಚಿ ಎಲ್ಲೆಡೆ ಬಳಕೆಗೆ ಬಂದಾಗ ಅದರ ಮೊದಲ ಪ್ರಶ್ನೆಯೇ ಎಳೆಗೂದಲು ಇದೆಯೋ ಇಲ್ಲವೋ ಎಂಬುದಾಗಿತ್ತು.

ನಾನು ಅವರ ಬಳಿ ಸಂಶೋಧನೆಗೆ ಸೇರಿದಾಗ ನನ್ನ ತಾಯಿ ಒಮ್ಮೆ ನೋಡಲು ಬಂದರು. ನುಸಿಗುಳಿಗೆಯ ವಾಸನೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು, “ಸತ್ತ ಹಕ್ಕಿ ಕಾಯೋದಕ್ಕೆ ಇಷ್ಟು ಓದಬೇಕಿತ್ತಾ?” ಎಂದು ನನ್ನ ಕಿವಿಯಲ್ಲಿ ಕೇಳಿದ್ದು ಮೇಡಂ ಕಿವಿಗೂ ಬಿತ್ತು. ಅವರು ಬೇಸರಿಸಲಿಲ್ಲ. ಅಮ್ಮನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಡ್ರಾಯರನ್ನು ತಂದು ಮುಂದಿಟ್ಟು, ವಂಶವೃಕ್ಷವನ್ನು ಬಿಡಿಸಿಟ್ಟರು. ಇವರು ದೊಡ್ಡಪ್ಪನ ಮಕ್ಕಳು, ಇವರು ಚಿಕ್ಕಪ್ಪನ ಕಡೆ, ಈ ಜುಟ್ಟಿನವರು ಬೇರೆ ಮನೆ ಮಾಡಿಕೊಂಡವರು. ಅಮ್ಮನ ಸೆರಗು ಮೂಗಿನಿಂದ ಯಾವಾಗ ಇಳಿಯಿತೋ ನಾನು ನೋಡಲಿಲ್ಲ.

“ಈ ಹಸಿರು ಹಕ್ಕಿ ಇವರಿಗೆ ಏನಾಗಬೇಕು?” ಎಂದು ಅಮ್ಮ ಎಲೆಹಕ್ಕಿಯನ್ನು ತೋರಿಸಿ ಕೇಳಿದರು.

“ಅದು ಷಡ್ಡಕ ಇದ್ದ ಹಾಗೆ ಅಮ್ಮ. ಒಂದೇ ಮರಕ್ಕೆ ಬಂದು ಹೋಗ್ತಾರೆ, ಒಂದೇ ಹಣ್ಣು ತಿಂತಾರೆ. ರಕ್ತಸಂಬಂಧ ಇಲ್ಲ. ಮೊದಲು ನಾವೂ ಮೋಸ ಹೋಗಿ ಒಂದೇ ಮನೆಯವರು ಅಂದುಕೊಂಡಿದ್ವಿ.”

“ಮತ್ತೆ ಆ ನೆಂಟ?”

“ಅದನ್ನೇ ನಿಮ್ಮ ಮಗು ನೋಡಬೇಕಾಗಿರೋದು.”

ಅಂದಿನಿಂದ ಅಮ್ಮ ಫೋನು ಮಾಡಿದಾಗಲೆಲ್ಲ ನನ್ನ ಊಟನಿದ್ದೆಯ ವಿಚಾರಕ್ಕಿಂತ ಮೊದಲು ನೆಂಟನ ವಿಚಾರ ಬರುತ್ತಿತ್ತು. ವರ್ಗೀಕರಣ ಶಾಸ್ತ್ರವನ್ನು ಅರ್ಧ ದಿನದಲ್ಲಿ ನನ್ನ ತಾಯಿಗೆ ಅರ್ಥಮಾಡಿಸಿದ ಗುರು ಬೇರೆ ಯಾರಿದ್ದಾರೆಂದು ನನಗೆ ತಿಳಿಯದು. ಮುಂದೆ ಅಪ್ಪ ಆಸ್ಪತ್ರೆ ಸೇರಿ ನಾನು ಹಾಸಿಗೆಯ ಬದಿ ಬಿಡಲಾರದೆ ಇದ್ದಾಗ, ನನ್ನ ಪಾಲಿನ ಡ್ರಾಯರುಗಳ ಧೂಳು ಹೊಡೆದು, ಗುಳಿಗೆ ಬದಲಿಸಿ, ಯಾರಿಗೂ ಹೇಳದೆ ಇದ್ದವರೂ ಅವರೇ. ಹಿಂದಿರುಗಿ ಬಂದು ಕೇಳಿದರೆ, “ಧೂಳಿಗೆ ನಿನ್ನ ಕಷ್ಟ ಗೊತ್ತಾಗಲ್ಲವಲ್ಲ” ಎಂದಷ್ಟೇ ಹೇಳಿ ಬೇರೆ ಮಾತು ತೆಗೆದರು.

ನನ್ನ ಮಹಾಪ್ರಬಂಧದ ವಿಷಯ ಇಡೀ ಕುಟುಂಬದ ಎಳೆಗೂದಲುಗಳ ಅಳತೆ. ಪ್ರತಿ ಪ್ರಭೇದದ ಹಲವು ಮಾದರಿಗಳನ್ನು ಭೂತಗನ್ನಡಿಯ ಕೆಳಗಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಕೆಲವು ಹಕ್ಕಿಗಳಲ್ಲಿ ಕಾಣದಿದ್ದರೂ ಅದೇ ಪ್ರಭೇದದ ಉಳಿದವುಗಳಲ್ಲಿ ಧಾರಾಳವಾಗಿ ಕಂಡಿತು. ನೆಂಟನ ಸರದಿ ಬಂದಾಗ ಒಂದರಲ್ಲೂ ಇಲ್ಲ. ಮತ್ತೆ ನೋಡಿದೆ, ಇಲ್ಲ. ಕಿಟಕಿ ಬದಲಿಸಿದೆ, ಭೂತಗನ್ನಡಿ ಬದಲಿಸಿದೆ, ಎಳ್ಳಷ್ಟೂ ಸುಳಿವಿಲ್ಲ. ಹೆದರುತ್ತಲೇ ಮೇಡಂಗೆ ಹೇಳಿದೆ. ಅವರು ಬಂದು ನೋಡಿದರು. ಕಿರುಬೆರಳನ್ನು ಒದ್ದೆ ಮಾಡಿಕೊಂಡು ಎಲ್ಲವನ್ನೂ ಸವರಿ ಸವರಿ ನೋಡಿ, ಒಂದೊಂದಾಗಿ ಡ್ರಾಯರಿಗೆ ಮರಳಿಸಿದರು.

“ನಾನು ನೋಡಿದ್ದೆ” ಎಂದರು ಕೊನೆಗೆ. “ಇದೆ ಅಂತ ಎಷ್ಟು ಜನಕ್ಕೆ ತೋರಿಸಿದ್ದೀನಿ. ಈಚೀಚೆಗೆ ಬಹುಶಃ ಇದೆ ಅಂತ ಹೇಳೋದು ಅಭ್ಯಾಸ ಆಗಿತ್ತೇನೋ, ನೋಡೋದು ಬಿಟ್ಟುಹೋಗಿತ್ತೇನೋ. ಕಣ್ಣಿಗೆ ಕಂಡದ್ದನ್ನ ಬರಿ.”

“ಮೇಷ್ಟ್ರಿಗೆ ಬೇಜಾರಾಗಲ್ವಾ ಮೇಡಂ?”

“ಆಗುತ್ತೆ. ಬರಿ.”

ತಮ್ಮ ಗುರುವಿನ ಹೆಸರು ನಿಂತಿದ್ದ ನಿರ್ಣಯವನ್ನೂ, ತಮ್ಮದೇ ಲಕ್ಷಣಸೂಚಿಯನ್ನೂ ಶಿಷ್ಯನ ಒಂದು ಕೋಷ್ಟಕಕ್ಕಾಗಿ ಬದಿಗಿಟ್ಟ ಮಾರ್ಗದರ್ಶಕರು ವಿದ್ವತ್ ಪ್ರಪಂಚದಲ್ಲಿ ಹೆಚ್ಚಿಲ್ಲ. ನೆಂಟನ ಡ್ರಾಯರನ್ನು ಪಿಕಳಾರಗಳ ಬೀರುವಿನಿಂದ ಹೊರತೆಗೆದು ‘ಸ್ಥಾನ ಅನಿಶ್ಚಿತ’ ಎಂಬ ಚೀಟಿಯ ಬೀರುವಿಗೆ ಸಾಗಿಸಲಾಯಿತು. ಡ್ರಾಯರುಗಳ ರಿಪೇರಿ ನೋಡಿಕೊಳ್ಳುತ್ತಿದ್ದ ಬಡಗಿಯನ್ನು ನಾವೆಲ್ಲರೂ ಚಿಕ್ಕಪ್ಪ ಎನ್ನುತ್ತಿದ್ದೆವು. ಅವರು ಅದನ್ನು ಎತ್ತಿಕೊಂಡು, “ಮನೆಯಿಂದ ಹೊರಗೆ ಹಾಕೋ ಕೆಲಸಕ್ಕೆ ಮಾತ್ರ ನನ್ನ ಕರೀತೀರಿ” ಎಂದು ಗೊಣಗುತ್ತ ಹೋದರು. ವಾರಕ್ಕೊಮ್ಮೆ ಚಹಾದ ಹೊತ್ತಿಗೆ ತಪ್ಪದೆ ಬರುತ್ತಿದ್ದ ಮೇಷ್ಟ್ರು ಆಮೇಲೆ ಬರುವುದನ್ನು ನಿಲ್ಲಿಸಿದರು. ಸಿಟ್ಟಿರಬೇಕೆಂದು ನಾವು ಅಂದುಕೊಂಡೆವು. ಅವರ ಮನೆಯಾಕೆ ಫೋನಿನಲ್ಲಿ ಹೇಳಿದ್ದು ಬೇರೆ. ಮೇಷ್ಟ್ರು ಕಣ್ಣಿನ ಡಾಕ್ಟರ ಬಳಿ ಹೋಗಿ, ಯೌವನದಲ್ಲೇ ತಮ್ಮ ದೃಷ್ಟಿಯಲ್ಲಿ ಏನಾದರೂ ದೋಷವಿತ್ತೇ ಎಂದು ಈಗ ಪರೀಕ್ಷಿಸಿ ಹೇಳಲಾಗುತ್ತದೆಯೇ ಎಂದು ವಿಚಾರಿಸಿದ್ದರಂತೆ. ನಾನು ಬರೆದದ್ದರಲ್ಲಿ ಇನ್ನೇನೇನು ಇಲ್ಲದ್ದನ್ನು ಇದೆಯೆಂದು ಬರೆದಿದ್ದೇನೋ ಎಂದು ಹಳೆಯ ಲೇಖನಗಳನ್ನೆಲ್ಲ ಹರಡಿಕೊಂಡು ಕೂರುತ್ತಿದ್ದರಂತೆ. ಈ ಮಾತನ್ನು ಕೇಳಿದ ದಿನ ಮೇಡಂ ಊಟದ ಡಬ್ಬಿಯನ್ನು ತೆರೆಯಲಿಲ್ಲ.

ಪ್ರಬಂಧ ಪರೀಕ್ಷಕರ ಕೈ ಸೇರಿತು. ಮೌಖಿಕ ಪರೀಕ್ಷೆ ಹತ್ತಿರವಾಯಿತು. ಆ ನಡುವೆ ಹೊಸ ವಿದ್ಯಾರ್ಥಿಗಳ ಗುಂಪೊಂದು ಬಂದು, ಪದ್ಧತಿಯಂತೆ ಕಿಟಕಿಯ ಮೇಜಿನ ಸುತ್ತ ನಿಂತಿತು. ಮೇಡಂ ಕೆಮ್ಮೀಸೆ ಪಿಕಳಾರವೊಂದನ್ನು ಎತ್ತಿ, ಕಿರುಬೆರಳನ್ನು ಒದ್ದೆ ಮಾಡಿ, ಹಿಂಗತ್ತನ್ನು ಸವರಿ, “ಇದೆ, ನೋಡಿ” ಎಂದು ಬೆರಳಿನಿಂದಲೇ ತೋರಿಸಲು ಹೋದವರು ಅಲ್ಲಿಗೇ ನಿಲ್ಲಿಸಿದರು. ಎಳೆಗೂದಲು ನಿಜಕ್ಕೂ ಇತ್ತು. ಆದರೆ ಹಕ್ಕಿಯ ಕತ್ತಿನ ಮೇಲಲ್ಲ, ಅವರ ಬೆರಳಿನ ಮೇಲೆ.

ಪಿಕಳಾರಗಳ ಚರ್ಮ ತೆಳು, ಗರಿ ಸಡಿಲ. ಇದು ಈ ಕುಟುಂಬದ ಲಕ್ಷಣಗಳಲ್ಲಿ ಒಂದೆಂದು ಮೇಡಂ ಪುಸ್ತಕದಲ್ಲೇ ಇದೆ. ಅದನ್ನು ಬರೆದವರಿಗೆ, ಓದಿದ ನನಗೆ, ಕಲಿಸಿದ ಮೇಷ್ಟ್ರಿಗೆ, ಯಾರೊಬ್ಬರಿಗೂ ಎರಡಕ್ಕೆರಡು ಸೇರಿಸಲು ತೋಚಿರಲಿಲ್ಲ. ವಿದ್ಯಾರ್ಥಿಗಳನ್ನು ಚಹಾಕ್ಕೆ ಕಳುಹಿಸಿ ಮೇಡಂ ಡ್ರಾಯರುಗಳನ್ನು ಒಂದಾದ ಮೇಲೊಂದು ಎಳೆದರು. ಎದುರಿನ ಸಾಲಿನಲ್ಲಿದ್ದ, ಕೈಗೆ ಸುಲಭವಾಗಿ ಸಿಗುವ, ಎಲ್ಲರಿಗೂ ತೋರಿಸುವ ಅಂದವಾದ ಹಕ್ಕಿಗಳ ಹಿಂಗತ್ತು ಬೋಳು. ಮೂಲೆಯಲ್ಲಿ ಬಿದ್ದಿದ್ದ, ರೆಕ್ಕೆ ಮುರಿದ, ಯಾರೂ ಎತ್ತಿಕೊಳ್ಳದ ಹಕ್ಕಿಗಳಿಗೆ ಕೂದಲು ಹಾಗೆಯೇ ಇತ್ತು. ಉಳಿದ ಪ್ರಭೇದಗಳಲ್ಲಿ ಇಂಥ ಮೂಲೆಯ ಹಕ್ಕಿಗಳು ಇದ್ದುದರಿಂದ ನನ್ನ ಅಳತೆಗಳು ಬಚಾವಾಗಿದ್ದವು. ನೆಂಟನಲ್ಲಿ ಇದ್ದವೇ ಬೆರಳೆಣಿಕೆ, ನೋಡಲು ಕೇಳಿದವರು ಲೆಕ್ಕವಿಲ್ಲದಷ್ಟು. ‘ಇದೆ’ ಎಂದು ತೋರಿಸಿ ತೋರಿಸಿ ಇಲ್ಲವಾಗಿಸಿದ್ದೆವು.

“ಇದು ಊಹೆ” ಎಂದರು ಮೇಡಂ. ಆಗಲೂ ಅವರ ಶಿಸ್ತು ತಪ್ಪಿರಲಿಲ್ಲ. “ಯಾರೂ ಮುಟ್ಟದೇ ಇರೋ ನೆಂಟ ಒಂದು ಸಿಗೋವರೆಗೂ ಇದು ಊಹೆ.”

ಅಂಥದೊಂದು ನಮ್ಮ ಕಾಲಬುಡದಲ್ಲೇ ಇತ್ತು. ನೆಲಮಹಡಿಯಲ್ಲಿ ಶಾಲೆಯ ಮಕ್ಕಳಿಗಾಗಿ ಮಾಡಿದ ಗಾಜಿನ ಪೆಟ್ಟಿಗೆಯೊಂದಿದೆ, ಬಣ್ಣ ಬಳಿದ ತಗಡಿನ ಎಲೆಗಳ ನಡುವೆ ತುಂಬಿ ನಿಲ್ಲಿಸಿದ ಹಕ್ಕಿಗಳು. ಹಾಗೆ ನಿಲ್ಲಿಸಿದ ಹಕ್ಕಿಗೆ ನಮ್ಮ ಶಾಸ್ತ್ರದಲ್ಲಿ ಮರ್ಯಾದೆ ಕಡಿಮೆ. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂಬ ಚೀಟಿ ಅದರ ಕಾಲಿಗಿರುವುದಿಲ್ಲ. ಹಿಂದಿನ ಕೊಂಬೆಯ ಮೇಲೆ, ಒಂದು ಕಾಲು ಸೊಟ್ಟಗಾಗಿ, ಗೋಡೆಯ ಕಡೆ ಮುಖ ಮಾಡಿ ಒಬ್ಬ ನೆಂಟ ಕುಳಿತಿದ್ದುದು ಮೇಡಂಗೆ ನೆನಪಾಯಿತು. ಆ ಗಾಜನ್ನು ತಿರುಪು ಹಾಕಿ, ಅಂಚಿಗೆ ಮೇಣ ಮೆತ್ತಿ ಮುಚ್ಚಿದ ಮೇಲೆ ಯಾರೂ ತೆಗೆದಿರಲಿಲ್ಲ. ಚಿಕ್ಕಪ್ಪ ಉಪಕರಣಗಳ ಚೀಲದೊಡನೆ ಬಂದರು. ತಗಡಿನ ಎಲೆಗಳ ಮರೆಯಲ್ಲಿದ್ದ ಹಿಂಗತ್ತನ್ನು ಮುಟ್ಟದೆ ನೋಡಬೇಕು, ಹೇಗೆ? ಮೇಡಂ ಗಂಡನಿಗೆ ಫೋನು ಮಾಡಿದರು. ಅವರು ಹಲ್ಲಿನ ಡಾಕ್ಟರು, ಚಿಕಿತ್ಸಾಲಯ ಎದುರು ರಸ್ತೆಯಲ್ಲೇ.

“ಬಾಯೊಳಗೆ ನೋಡ್ತೀರಲ್ಲ, ಆ ಚಿಕ್ಕ ಕನ್ನಡಿ ತಗೊಂಡು ಬನ್ನಿ. ಹೊಸದು, ತೊಳೆದದ್ದು.”

ಅವರು ಕುರ್ಚಿಯಲ್ಲಿದ್ದ ರೋಗಿಯೊಬ್ಬರಿಗೆ ಬಾಯಿ ಮುಚ್ಚಿಕೊಳ್ಳಲು ಹೇಳಿ, ಬಿಳಿಯ ಕೋಟಿನಲ್ಲೇ ರಸ್ತೆ ದಾಟಿ ಬಂದರು. ಗಾಜು ಸರಿಯಿತು. ಡಾಕ್ಟರು ಟಾರ್ಚು ಹಿಡಿದರು, ನಾನು ಏಣಿ ಹಿಡಿದೆ, ಚಿಕ್ಕಪ್ಪ ಉಸಿರು ಹಿಡಿದರು. ಮೇಡಂ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಲ್ಲಿ ಕನ್ನಡಿಯನ್ನು ಹಿಡಿದು ತಗಡಿನ ಎಲೆಗಳ ನಡುವೆ ಮೆಲ್ಲಗೆ ತೂರಿಸಿದರು. ಅವರ ಕೈಗಳಲ್ಲಿ ಒಂದು ಹಿಂದೆ ಹೋದದ್ದನ್ನು ನಾನು ಮೊದಲು ನೋಡಿದ್ದು ಆಗ.

“ಇದೆ” ಎಂದರು.

ಅದೊಂದು ಪದಕ್ಕೆ ನನ್ನ ಪ್ರಬಂಧದ ಮುಖ್ಯ ಅಧ್ಯಾಯ ಸುಳ್ಳಾಗಿತ್ತು. ಸುದ್ದಿ ಕೇಳಿದ ನಿರ್ದೇಶಕರು ನಮ್ಮ ಹಿತವನ್ನೇ ಬಯಸಿ ಒಂದು ದಾರಿ ಹೇಳಿದರು. “ಮೊದಲು ಪದವಿ ಬರಲಿ. ಆಮೇಲೆ ನಿಧಾನವಾಗಿ ಒಂದು ತಿದ್ದುಪಡಿ ಬರೆದರಾಯ್ತು. ಯಾರು ಕೇಳ್ತಾರೆ?” ನನ್ನೊಳಗಿನ ಎಲ್ಲ ಅಂಗಾಂಗಗಳೂ ಅದಕ್ಕೆ ತಲೆಯಾಡಿಸಿದವು. ಮೇಡಂ ಹೊರಗಿನ ಬೆಂಚಿನ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಪ್ರಬಂಧ ನಿನ್ನದು. ನೀನು ಬೇಡ ಅಂದರೆ ಅದನ್ನ ವಾಪಸ್ ತರಿಸಲ್ಲ. ಆದರೆ ನನ್ನ ಬೆರಳಿನ ವಿಷಯ ನಾನು ಈಗಲೇ ಬರೀತೀನಿ. ಆಮೇಲೆ ಅನ್ನೋದು ನಿನ್ನ ವಯಸ್ಸಿಗೆ ಇದೆ, ನನಗೂ ಇದೆ. ಮೇಷ್ಟ್ರಿಗೆ ಇಲ್ಲ.”

ನಾನು ತರಿಸಿ ಎಂದೆ. ಧೈರ್ಯದಿಂದ ಅಂದೆನೆಂದು ಹೇಳಿಕೊಳ್ಳಲಾರೆ. ಅವರ ಪಕ್ಕದಲ್ಲಿ ಕುಳಿತು ಬೇರೆಯದನ್ನು ಹೇಳಲು ನಾಲಗೆ ಏಳಲಿಲ್ಲ.

ಅದೇ ಸಂಜೆ ಮೇಷ್ಟ್ರ ಮನೆಗೆ ಹೋದೆವು. ಪುಸ್ತಕಗಳನ್ನು ಸರಿಸಿ ಜಾಗ ಮಾಡಿಕೊಟ್ಟ ಮೇಷ್ಟ್ರು ನಮ್ಮಿಬ್ಬರ ಮುಖವನ್ನೂ ನೋಡದೆ ಕನ್ನಡಕ ಒರೆಸುತ್ತ ಕುಳಿತರು. ಮೇಡಂ ಪೀಠಿಕೆ ಹಾಕಲಿಲ್ಲ.

“ಮೇಷ್ಟ್ರೇ, ನಿಮ್ಮ ಕಣ್ಣು ಸರಿಯಾಗೇ ಇತ್ತು. ನನ್ನ ಬೆರಳು ಸರಿಯಿರಲಿಲ್ಲ.”

ನಡೆದದ್ದನ್ನೆಲ್ಲ ಹೇಳಿದರು. ಮೇಷ್ಟ್ರ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತಿತು.

“ಎಷ್ಟು ಉದ್ದ ಇದೆ?” ಎಂದು ಕೇಳಿದರು.

ಮೇಡಂ ಹೆಬ್ಬೆರಳು ತೋರುಬೆರಳುಗಳ ನಡುವೆ ಅಳತೆ ತೋರಿಸಿದರು. ಮೇಷ್ಟ್ರು ಬಾಗಿ, ಆ ಎರಡು ಬೆರಳುಗಳ ನಡುವಿನ ಖಾಲಿ ಜಾಗವನ್ನು ನಿಜವಾದ ಕೂದಲನ್ನು ನೋಡುವಷ್ಟು ಹೊತ್ತು ನೋಡಿದರು.

“ಪೆಟ್ಟಿಗೇಲಿರೋ ಅದನ್ನ ತುಂಬಿದ್ದು ನಾನೇ. ಕಾಲು ಸೊಟ್ಟ ಆಯ್ತು ಅಂತ ಗೋಡೆ ಕಡೆ ತಿರುಗಿಸಿ ಇಟ್ಟಿದ್ದೆ.” ಆಮೇಲೆ ಮೇಡಂ ಕಡೆ ನೋಡಿ, “ಬೆರಳು ನಿಂದೇ ಇರಬಹುದು. ಒದ್ದೆ ಮಾಡ್ಕೋ ಅಂತ ಕಲಿಸಿದೋನು ಯಾರಮ್ಮ?” ಎಂದರು.

ಮೇಡಂ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಇದನ್ನು ಬರೆದದ್ದಕ್ಕೆ ಅವರು ನನ್ನನ್ನು ಬಯ್ಯುವುದು ಖಂಡಿತ. ಮುಂದಿನ ವಾರ ಚಹಾದ ಹೊತ್ತಿಗೆ ಮೇಷ್ಟ್ರು ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಬಂದರು, ಕೊನೆಯವರೆಗೂ ಬರುತ್ತಲೇ ಇದ್ದರು.

ಮೇಡಂ ಬರೆದ ಆ ಪುಟ್ಟ ಟಿಪ್ಪಣಿಯಲ್ಲಿ ‘ಸವೆದಿದೆ’ ಎಂಬ ನುಣುಚಿಕೊಳ್ಳುವ ಮಾತಿರಲಿಲ್ಲ, ‘ನಾನು ಸವೆಸಿದ್ದೇನೆ’ ಎಂದಿತ್ತು. ಪಾಲಕರೇ ಸಂಗ್ರಹವನ್ನು ಕೆಡಿಸಿದರೆಂದು ವಿಚಾರಣೆಯಾಯಿತು, ಬರಬೇಕಾಗಿದ್ದ ಬಡ್ತಿ ಬಹಳ ಕಾಲ ಬರಲಿಲ್ಲ, ಸಮ್ಮೇಳನಗಳಲ್ಲಿ ಕೆಲವರು ಬೆನ್ನ ಹಿಂದೆ ‘ಕಿರುಬೆರಳು ಮೇಡಂ’ ಎಂದು ಕರೆದು ನಕ್ಕರು. ಅವರು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು, ನಕ್ಕವರಿಗೆಲ್ಲ ತಮ್ಮ ತಮ್ಮ ಡ್ರಾಯರುಗಳ ಎದುರಿನ ಸಾಲನ್ನು ಒಮ್ಮೆ ನೋಡಿಕೊಳ್ಳಲು ವಿನಯದಿಂದ ಸೂಚಿಸಿದರು. ನೋಡಿಕೊಂಡವರ ಮುಖ ಹುಳ್ಳಗಾಯಿತು. ಇಂದು ನಮ್ಮಲ್ಲಿ ಪ್ರತಿ ಡ್ರಾಯರಿನಲ್ಲೂ ಕಾಲಿಗೆ ಬಿಳಿಯ ದಾರ ಕಟ್ಟಿದ ಒಂದು ಹಕ್ಕಿಯಿದೆ. ಅದನ್ನು ಪಾಲಕರೂ ಸೇರಿದಂತೆ ಯಾರೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಈ ‘ಮುಟ್ಟದ ಹಕ್ಕಿ’ಯ ಪದ್ಧತಿಯನ್ನು ಈಗ ಬೇರೆ ಸಂಗ್ರಹಾಲಯಗಳೂ ಅನುಸರಿಸುತ್ತಿವೆ, ಅದು ಎಲ್ಲಿಂದ ಹುಟ್ಟಿತೆಂದು ಅಲ್ಲಿನವರಿಗೆ ತಿಳಿದಿರಲಾರದು. ನನ್ನ ಪ್ರಬಂಧ ತಡವಾಗಿ, ಆದರೆ ನಿಜವಾಗಿ ಮುಗಿಯಿತು. ಕೈಯಾಡಿದ ಮಾದರಿಗಳ ಸವೆತವನ್ನು ಕುರಿತು ಅದಕ್ಕೆ ಸೇರಿದ ಹೊಸ ಅಧ್ಯಾಯವನ್ನೇ ಜನ ಇಂದಿಗೂ ಓದುತ್ತಾರೆ. ಬಹಳ ವರ್ಷಗಳ ಬಳಿಕ, ನೆಂಟನ ಕಾಲ್ಬೆರಳಿನ ಅಡಿಯಿಂದ ಚೂರು ಚರ್ಮ ತೆಗೆದು ವಂಶವಾಹಿಗಳನ್ನು ಪರೀಕ್ಷಿಸಿದಾಗ, ಅದು ಪಿಕಳಾರ ಕುಟುಂಬದ್ದೇ, ದೂರದ ಕವಲಿನದು ಎಂದು ತಿಳಿಯಿತು. ಅಷ್ಟರಲ್ಲಿ ಮೇಷ್ಟ್ರು ತೀರಿಕೊಂಡಿದ್ದರು. ಅಮ್ಮನಿಗೆ ಫೋನು ಮಾಡಿ ಹೇಳಿದೆ. “ನಮ್ಮವನೇ ಅಂತ ನಂಗೆ ಆವತ್ತೇ ಗೊತ್ತಿತ್ತು” ಎಂದರು.

ಅಂದಿನಿಂದ ನಿವೃತ್ತಿಯ ದಿನದವರೆಗೂ ಮೇಡಂ ಯಾವ ಹಕ್ಕಿಯ ಕತ್ತನ್ನೂ ಸವರಲಿಲ್ಲ. ವಿದ್ಯಾರ್ಥಿಗಳಿಗೆ ಕಲಿಸಿದರು, ಲಕ್ಷಣಸೂಚಿಯನ್ನು ಮತ್ತೆ ಬರೆದರು, ಒಂದೇ ಲಕ್ಷಣದ ಮೇಲೆ ಯಾರ ಸಂಬಂಧವನ್ನೂ ತೀರ್ಮಾನಿಸಬಾರದೆಂದು ಅದರ ಮುನ್ನುಡಿಯಲ್ಲಿ ಸೇರಿಸಿದರು. ನೋಡಬೇಕಾದಾಗ ಗಂಡ ಕೊಟ್ಟ ಪುಟ್ಟ ಕನ್ನಡಿ, ಉಳಿದಂತೆ ಕೈ ಹಿಂದೆ. ಠೀವಿ, ಜಂಭ, ಸೊಂಟನೋವು ಎಂದವರಿಗೆ ಅವರು ಕಾರಣ ಹೇಳಲಿಲ್ಲ, ಹೇಳಬೇಕಾದದ್ದನ್ನು ಅಚ್ಚುಹಾಕಿಸಿ ಮುಗಿಸಿದ್ದೇನೆ ಎಂಬುದು ಅವರ ಎಣಿಕೆಯಾಗಿತ್ತು.

ಈ ಲೇಖನಕ್ಕೆ ಕೂರುವ ಮುನ್ನ ಒಂದು ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಡಾಕ್ಟರು ಬಾಗಿಲಲ್ಲೇ ಬೆರಳನ್ನು ತುಟಿಗಿಟ್ಟು ಸದ್ದು ಮಾಡಬೇಡವೆಂದರು. ಜಗಲಿಯ ಸೂರಿಗೆ ತೂಗುಹಾಕಿದ ಹೂಕುಂಡದಲ್ಲಿ ಪಿಕಳಾರವೊಂದು ಗೂಡು ಕಟ್ಟಿತ್ತು. ಮರಿಗಳಿಗೆ ಕಾವು ಕೊಡುತ್ತ ಕುಳಿತಿದ್ದ ತಾಯಿಹಕ್ಕಿಯ ಬೆನ್ನು ನಮ್ಮ ಕಡೆಗಿತ್ತು, ಕತ್ತು ಕೈಗೆಟುಕುವಷ್ಟು ಹತ್ತಿರ, ಬೆಳಕು ಸರಿಯಾದ ಕೋನದಲ್ಲಿ ಬೀಳುತ್ತಿತ್ತು. ಕುಂಡದ ಕೆಳಗೆ ಮೇಡಂ ನಿಂತಿದ್ದರು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

“ಕೂದಲು ಇದೆಯಾ ಮೇಡಂ?” ಎಂದು ಪಿಸುಗುಟ್ಟಿದೆ.

ಅವರು ತಿರುಗಿ ನನ್ನನ್ನು ನೋಡಿದರು.

“ಇರುತ್ತೆ” ಎಂದರು. “ಅದರ ಪಾಡಿಗೆ ಅದು ಇರಲಿ, ನಡಿ, ಚಹಾ ಕುಡಿಯೋಣ.”

ಮೇಡಂ ಅವರಿಗೆ ದೀರ್ಘಾಯುಷ್ಯವೂ, ಡಾಕ್ಟರಿಗೆ ಅಷ್ಟೇ ದೀರ್ಘವಾದ ತಾಳ್ಮೆಯೂ ಇರಲಿ. ಗೂಡುಗಳನ್ನು ಕುರಿತು ಅರ್ಧಕ್ಕೆ ನಿಂತಿರುವ ಮೇಡಂ ಅವರ ಪುಸ್ತಕ ಬೇಗ ಮುಗಿಯಲಿ, ಅದರ ಕರಡನ್ನು ತಿದ್ದುವ ಪುಣ್ಯ ನನ್ನದಾಗಲಿ. ಕಿಟಕಿಯ ಮೇಜಿನ ಬಳಿ ಅವರ ಕುರ್ಚಿ ಹಾಗೆಯೇ ಇದೆ. ವಾರಕ್ಕೊಮ್ಮೆ ಚಹಾದ ಹೊತ್ತಿಗೆ ಅವರು ಮೆಟ್ಟಿಲು ಹತ್ತಿ ಬರುವ ಸದ್ದಿಗೆ, ಒಮ್ಮೆ ಮೇಷ್ಟ್ರಿಗಾಗಿ ಕಾದಂತೆ, ನಾವು ಕಾಯುತ್ತಿರುತ್ತೇವೆ. ಅವರು ಬರಲಿ, ಪಿಕಳಾರಗಳ ಡ್ರಾಯರನ್ನು ನಾನೇ ಎಳೆದು ಹಿಡಿದುಕೊಳ್ಳುತ್ತೇನೆ, ಅವರು ಕೈ ಹಿಂದೆ ಕಟ್ಟಿಕೊಂಡು ನೋಡಲಿ.